ಕುದುರೆಯ ಚೆಲುವು ಕೊರಳಿನಲ್ಲಿಲ್ಲ

ಸವಾರನನ್ನು ಹೊತ್ತು ಬರುವ ಕುದುರೆಯನ್ನು ಕಂಡಾಗ ನಮ್ಮ ದೃಷ್ಟಿ ಮೊದಲು ಹರಿಯುವುದು ಅದರ ಕೊರಳಿನತ್ತ. ಬಿಲ್ಲಿನಂತೆ ಬಾಗಿದ ಕತ್ತನ್ನೂ ಎತ್ತಿ ಇಡುವ ಮುಂಗಾಲನ್ನೂ ನೋಡಿ ತಲೆದೂಗುತ್ತೇವೆ. ಅಶ್ವವಿದ್ಯೆ ಬಲ್ಲವರಾದರೋ ನೋಡುವುದು ಹಿಂಗಾಲುಗಳನ್ನು. ಕನ್ನಡ ಪಾಠ ಹೇಳುವ ನನಗೆ ಇದು ಪರಿಚಿತ ನ್ಯಾಯವೆಂದೇ ತೋರುತ್ತದೆ: ಪದ್ಯದಲ್ಲಿ ಕಣ್ಣಿಗೆ ಬೀಳುವುದು ಅಲಂಕಾರ, ಭಾರ ಹೊರುವುದು ಛಂದಸ್ಸು.

ಸುಮ್ಮನೆ ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಸವಾರನು ಏರಿದಾಗ ಮುಂಗಾಲಿನ ಹೊರೆ ಇನ್ನೂ ಹೆಚ್ಚುತ್ತದೆ. ಆ ಹೊರೆಯಲ್ಲಿ ಒಂದಿಷ್ಟನ್ನು ಹಿಂಗಾಲುಗಳಿಗೆ ವಹಿಸುವುದೇ ಸವಾರಿಯ ಶಿಕ್ಷಣದ ಸಾರ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್ ಇದನ್ನು ಅರಿತಿದ್ದನು. ಹಿಂಗಾಲನ್ನು ಒಡಲಿನಡಿಗೆ ತರಬಲ್ಲ ಕುದುರೆಯೇ ಮುಂಭಾಗವನ್ನು ಹಗುರವಾಗಿ ಎತ್ತಬಲ್ಲುದೆಂಬುದು ಅವನ ಮತ.

ಗುರುತಿಸುವ ಬಗೆ ಹೇಗೆ? ಪಕ್ಕದಲ್ಲಿ ನಿಂತು ನೋಡಬೇಕು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಕೀಲೊಂದುಂಟು. ಅದು ನಮ್ಮ ಹಿಮ್ಮಡಿಗೆ ಸಮನಾದುದು. ಗೊರಸು ನೆಲದಲ್ಲಿದ್ದು ಭಾರ ಹೊತ್ತಿರುವಾಗ ಆ ಕೀಲು ಮಣಿಯಬೇಕು. ಕಾಲು ಮೇಲೆದ್ದ ಬಳಿಕ ಎಷ್ಟು ಮಡಿಸಿದರೂ ಅದು ಬರಿಯ ಆಡಂಬರ. ಕಾಲು ಒಡಲಿನಡಿಗೆ ಬಂದು ಊರಬೇಕು, ಹಿಂದೆಯೇ ಎಳೆದುಕೊಂಡು ಉಳಿಯಬಾರದು. ಆಗ ಪೃಷ್ಠವು ತುಸು ತಗ್ಗುತ್ತದೆ, ಬೆನ್ನು ಬಿಗಿ ಬಿಟ್ಟು ತೂಗುತ್ತದೆ, ಬಾಲವು ಹೆಜ್ಜೆಯ ಲಯಕ್ಕೆ ಓಲಾಡುತ್ತದೆ.

ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆಯ ಬಿಳಿಯ ಲಿಪಿಜಾನರ್ ಕುದುರೆಗಳು ಮಾಡುವ 'ಲೆವಾಡ್' ಎಂಬ ಭಂಗಿಯಲ್ಲಿ ಇದರ ಪರಾಕಾಷ್ಠೆಯನ್ನು ಕಾಣಬಹುದು. ಮುಂಗಾಲುಗಳನ್ನೆತ್ತಿದ ಕುದುರೆ ಬಾಗಿದ ಹಿಂಗಾಲುಗಳ ಮೇಲೆ ಕೆಲವು ಕ್ಷಣ ಶಿಲೆಯಂತೆ ನಿಲ್ಲುತ್ತದೆ. ಬೆದರಿ ಮೇಲೇಳುವ ಕುದುರೆಯೂ ಮುಂಗಾಲನ್ನೆತ್ತುತ್ತದೆ. ಆದರೆ ಅದರ ಹಿಂಗಾಲು ನೆಟ್ಟಗೆ ಸೆಟೆದಿರುತ್ತದೆ. ಒಂದು ಬಲ, ಇನ್ನೊಂದು ಭಯ.

ಲಗಾಮನ್ನು ಜಗ್ಗಿ ಕೊರಳನ್ನು ಬಾಗಿಸುವುದು ಯಾರಿಗೂ ಸಾಧ್ಯ. ಅಂಥ ಕುದುರೆಯ ಬಾಯಿ ತೆರೆದಿರುತ್ತದೆ, ಬಾಲ ಚಡಪಡಿಸುತ್ತದೆ, ಬೆನ್ನು ಕುಗ್ಗುತ್ತದೆ, ಹಿಂಗಾಲು ಹಿಂದೆ ಉಳಿಯುತ್ತದೆ. ನೋಡುವವರು ಅದನ್ನೇ ಗಾಂಭೀರ್ಯವೆಂದು ಮೆಚ್ಚಿದರೆ ಜಗ್ಗುವ ಕೈಗೆ ಪ್ರೋತ್ಸಾಹ ದೊರೆಯುತ್ತದೆ. ನೋವನ್ನು ಉಣ್ಣುವುದು ಮಾತಿಲ್ಲದ ಪ್ರಾಣಿ. ಬಲಾತ್ಕಾರದಿಂದ ಪಡೆದುದರಲ್ಲಿ ಸೌಂದರ್ಯವಿಲ್ಲವೆಂದು ಕ್ಸೆನೊಫನನೂ ಎಚ್ಚರಿಸಿದ್ದಾನೆ. ಆದುದರಿಂದ ಹಿಂಗಾಲನ್ನು ನೋಡಲು ಕಲಿಯುವುದು ಸವಾರನಿಗಷ್ಟೇ ಸೇರಿದ ಕೆಲಸವಲ್ಲ. ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುವ ನಮ್ಮ ಧರ್ಮವೂ ಹೌದು.