ಚುಕ್ಕಿ ಎಣಿಸಿ ಕ್ಯಾನ್ಸರ್ ಸುಳಿವು ಹಿಡಿಯೋದು

ಉಕ್ಕಿನ ತುಂಡಿನಲ್ಲಿ ಪರ್ಲೈಟ್ ಎಷ್ಟು ಪಾಲು ಇದೆ ಅಂತ ಮೆಟಲರ್ಜಿ ಲ್ಯಾಬಿನಲ್ಲಿ ಹೇಗೆ ಅಳೀತಾರೆ? ಮೈಕ್ರೋಸ್ಕೋಪ್ ಚಿತ್ರದ ಮೇಲೆ ಚುಕ್ಕಿಗಳ ಗ್ರಿಡ್ ಇಟ್ಟು, ಪರ್ಲೈಟ್ ಮೇಲೆ ಬಿದ್ದ ಚುಕ್ಕಿಗಳನ್ನು ಎಣಿಸ್ತಾರೆ. ಕೊಯ್ದ ಮೇಲ್ಮೈಯಲ್ಲಿ ಕಾಣುವ ವಿಸ್ತೀರ್ಣದ ಪಾಲೇ ಒಳಗಿನ ಘನಗಾತ್ರದ ಪಾಲು ಎಂದು ಫ್ರೆಂಚ್ ಭೂವಿಜ್ಞಾನಿ ದೆಲೆಸ್ 1847ರಲ್ಲೇ ತೋರಿಸಿದ್ದ. ಇದೇ ಲೆಕ್ಕ ಗರ್ಭಕೋಶದ ಒಳಪೊರೆಗೂ ಸಲ್ಲುತ್ತದೆ.

ಆ ಪೊರೆಯಲ್ಲಿ ಗ್ರಂಥಿಗಳಿವೆ, ಅವುಗಳ ನಡುವೆ ಸ್ಟ್ರೋಮಾ ಎಂಬ ಅಂಗಾಂಶವಿದೆ. ಹಾರ್ಮೋನ್ ಏರುಪೇರಿನಿಂದ ಪೊರೆ ಸುಮ್ಮನೆ ದಪ್ಪವಾಗಿದ್ದರೆ ಬಹಳ ಸಲ ಔಷಧಿಯಲ್ಲೇ ಸರಿಹೋಗುತ್ತದೆ. ಕ್ಯಾನ್ಸರಿನ ಹಿಂದಿನ ಹಂತವಾದರೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಎರಡನ್ನೂ ಬೇರ್ಪಡಿಸಲು ಮೂರು ಗುರುತು ನೋಡ್ತಾರೆ: ಸ್ಟ್ರೋಮಾ 55%ಗಿಂತ ಕಡಿಮೆ ಇರಬೇಕು, ಆ ಜಾಗ 1 ಮಿ.ಮೀ.ಗಿಂತ ದೊಡ್ಡದಿರಬೇಕು, ಅಲ್ಲಿನ ಜೀವಕೋಶಗಳು ಸುತ್ತಲಿನವಕ್ಕಿಂತ ಬೇರೆಯಾಗಿ ಕಾಣಬೇಕು.

ಒಂದು ಲೆಕ್ಕ ಹಾಕೋಣ. 200 ಚುಕ್ಕಿಗಳಲ್ಲಿ 96 ಸ್ಟ್ರೋಮಾ ಮೇಲೆ ಬಿದ್ದರೆ 48%. ಗೆರೆಯ ಕೆಳಗಿದೆ ಅನಿಸುತ್ತದೆ. ಆದರೆ ಸ್ಟ್ಯಾಂಡರ್ಡ್ ಎರರ್ ಸುಮಾರು 3.5%, ಎರಡು ಪಟ್ಟು ಹಿಡಿದರೆ ನಿಜವಾದ ಪಾಲು 41ರಿಂದ 55ರವರೆಗೆ ಎಲ್ಲಾದರೂ ಇರಬಹುದು! 800 ಚುಕ್ಕಿ ಎಣಿಸಿದರೆ ಎರರ್ ಅರ್ಧಕ್ಕಿಳಿಯುತ್ತದೆ. ಗಡಿಯಲ್ಲಿರುವ ಕೇಸಿಗೆ ಈ ತಾಳ್ಮೆ ಬೇಕು.

ಒಂದೇ ಅಂಕಿಯನ್ನು ನಂಬೋಕೂ ಆಗಲ್ಲ. ವಯಸ್ಸಾದವರಲ್ಲಿ ಗ್ರಂಥಿಗಳು ನಿರಪಾಯವಾಗಿ ಗುಳ್ಳೆಯಂತೆ ಉಬ್ಬಿದರೂ ಸ್ಟ್ರೋಮಾ ಪಾಲು ಇಳಿಯುತ್ತದೆ. ಅದಕ್ಕೇ ನೆದರ್‌ಲ್ಯಾಂಡ್ಸ್‌ನ ಪೆಥಾಲಜಿಸ್ಟ್ ಬಾಕ್ ಮತ್ತು ಸಂಗಡಿಗರು ರೂಪಿಸಿದ ಡಿ-ಸ್ಕೋರ್‌ನಲ್ಲಿ ಸ್ಟ್ರೋಮಾ ಪಾಲಿನ ಜೊತೆ ಗ್ರಂಥಿಗಳ ಹೊರಮೈ ಸಾಂದ್ರತೆ, ಕೋಶಕೇಂದ್ರಗಳ ಅಳತೆಯಲ್ಲಿನ ಏರಿಳಿತ ಎರಡೂ ಸೇರಿವೆ. ಸ್ಕೋರ್ 1ಕ್ಕಿಂತ ಹೆಚ್ಚಿದ್ದರೆ ಮುಂದೆ ಕ್ಯಾನ್ಸರ್ ಆಗುವ ಅಪಾಯ ಕಡಿಮೆ, ಸೊನ್ನೆಗಿಂತ ಕೆಳಗಿದ್ದರೆ ಹೆಚ್ಚು. ನಡುವಿನದು ಅನುಮಾನದ ಜಾಗ.

ಆದರೆ ಅಳೆಯೋಕೆ ಮೊದಲು ಆ ಚೂರು ಲ್ಯಾಬಿಗೆ ಬರಬೇಕಲ್ಲ? ಮುಟ್ಟು ನಿಂತ ಮೇಲೆ ಬರುವ ಈ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ರಕ್ತಸ್ರಾವ ಕಾಣಿಸಿಕೊಳ್ಳುತ್ತದೆ. ಘೋಡಗೇರಿಯಂಥ ಊರಲ್ಲಿ ಅವ್ವ, ಆಯಿ ಇದನ್ನ ಮನಿಯಾಗ ಹೇಳೋದೇ ಕಷ್ಟ. "ಉಷ್ಣ ಆಗೇತಿ" ಅಂತ ಸುಮ್ಮನಾಗ್ತಾರೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಗೋಕಾಕಕ್ಕೋ ಬೆಳಗಾವಿಗೋ ಕರ್ಕೊಂಡು ಹೋಗಿ. ಸ್ಕ್ಯಾನಿನಲ್ಲಿ ಪೊರೆ 4 ಮಿ.ಮೀ. ದಾಟಿದ್ದರೆ, ಇಲ್ಲವೇ ರಕ್ತ ಮತ್ತೆ ಮತ್ತೆ ಬಂದರೆ, ಬಯಾಪ್ಸಿ ಬೇಕಾಗುತ್ತದೆ. ಇಂಗ್ಲಿಷ್ ರಿಪೋರ್ಟ್ ಕೊನೆಗೆ ಬರೋದು ನಿಮ್ಮ ಕೈಗೇ. ಅದರಲ್ಲಿ 'ಎಟಿಪಿಯಾ' ಇದೆಯೋ ಇಲ್ಲವೋ ಅಂತ ಡಾಕ್ಟರನ್ನು ಕೇಳಿ. ಚಿಕಿತ್ಸೆಯ ದಾರಿ ಕವಲೊಡೆಯೋದು ಅಲ್ಲೇ.