ಹುಳು ಹುಲ್ಲಾಗುವುದಿಲ್ಲ

ಹಿಮಾಲಯದ ಕೀಡಾ ಜಡಿ ಚಳಿಗಾಲದಲ್ಲಿ ಹುಳು, ಬೇಸಿಗೆಯಲ್ಲಿ ಹುಲ್ಲು ಎಂಬ ನಂಬಿಕೆ ಬಹಳ ಹಳೆಯದು. ಟಿಬೆಟ್, ನೇಪಾಳಗಳಲ್ಲಿ ಇದಕ್ಕೆ ಯಾರ್ಸಾಗುಂಬಾ ಎನ್ನುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಯಾರಿಗಾದರೂ ಹಾಗೆಯೇ ಅನ್ನಿಸಬೇಕು. ಕೆಳಗಿನ ಭಾಗ ಒಣಗಿದ ಹಳದಿ ಹುಳು. ಮೈಯ ಮಡಿಕೆಗಳು, ಪುಟ್ಟ ಕಾಲುಗಳು ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ. ಅದರ ತಲೆಯಿಂದಲೇ ಕಡುಕಂದು ಬಣ್ಣದ ಕಡ್ಡಿಯೊಂದು ಮೇಲೆದ್ದಿರುತ್ತದೆ.

ಆದರೆ ಇವು ಎರಡು ಬೇರೆ ಬೇರೆ ಜೀವಗಳು. ಒಂದು ಇನ್ನೊಂದನ್ನು ಕೊಂದಿದೆ. ಹುಳು ಥಿಟರೋಡಿಸ್ ಎಂಬ ಕುಲದ ಪತಂಗದ ಮರಿ. ಸುಮಾರು 3,000ದಿಂದ 5,000 ಮೀಟರ್ ಎತ್ತರದ ಹುಲ್ಲುಗಾವಲಿನ ಮಣ್ಣಿನೊಳಗೆ ಬೇರು ತಿನ್ನುತ್ತಾ ಅದು ವರ್ಷಗಟ್ಟಲೆ ಬದುಕುತ್ತದೆ. ರೆಕ್ಕೆ ಬಂದ ಮೇಲೆ ಉಳಿಯುವುದು ಕೆಲವೇ ದಿನ. ಕಡ್ಡಿಯೋ, ಓಫಿಯೋಕಾರ್ಡಿಸೆಪ್ಸ್ ಸೈನೆನ್ಸಿಸ್ ಎಂಬ ಅಣಬೆ. ಅದರ ಎಳೆಗಳು ಹುಳುವಿನ ಒಡಲನ್ನು ಹೊಕ್ಕು ಒಳಗಿನದನ್ನೆಲ್ಲ ತಿಂದು ಮುಗಿಸುತ್ತವೆ, ಚರ್ಮವಷ್ಟೇ ಉಳಿಯುತ್ತದೆ. ಹುಳು ನೆಲದ ಮೇಲ್ಪದರದ ಹತ್ತಿರ, ತಲೆ ಮೇಲಾಗಿ ಸಾಯುತ್ತದೆ. ಹಿಮ ಕರಗಿದಾಗ ಅಣಬೆ ಮಣ್ಣು ಸೀಳಿ ಹೊರಬಂದು ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ. ಸೋಂಕು ತಗುಲದ ಹುಳು ಪತಂಗವಾಗುತ್ತದೆ, ಎಂದಿಗೂ ಹುಲ್ಲಾಗುವುದಿಲ್ಲ.

ಜಡಿ, ಅಂದರೆ ಬೇರು-ಮೂಲಿಕೆ, ಎಂದು ಕರೆದ ಮಾತ್ರಕ್ಕೆ ಇದು ಬೇರೂ ಅಲ್ಲ, ಸಸ್ಯವೂ ಅಲ್ಲ. ವಂಶಾವಳಿಯಲ್ಲಿ ಅಣಬೆಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರ.

1993ರಲ್ಲಿ ಚೀನಾದ ಓಟಗಾರ್ತಿಯರು ವಿಶ್ವದಾಖಲೆಗಳನ್ನು ಮುರಿದಾಗ, ತರಬೇತುದಾರ ಮಾ ಜುನ್‌ರೆನ್ ಈ ಅಣಬೆಯನ್ನೂ ಆಮೆಯ ರಕ್ತವನ್ನೂ ಕಾರಣವಾಗಿ ಹೇಳಿದರು. ಜಗತ್ತು ನಂಬಿತು, ಬೆಲೆ ಏರಿತು. ನಿಷೇಧಿತ ಮದ್ದುಗಳನ್ನು ಬಲವಂತವಾಗಿ ಕೊಡಲಾಗಿತ್ತು ಎಂದು ಓಟಗಾರ್ತಿಯರೇ ಸಹಿ ಹಾಕಿದ್ದರೆನ್ನಲಾದ ಪತ್ರ 2016ರಲ್ಲಿ ಬೆಳಕಿಗೆ ಬಂತು. ಅದೇ ವರ್ಷ ಚೀನಾದ ಆಹಾರ ಮತ್ತು ಔಷಧ ಇಲಾಖೆ ಈ ಅಣಬೆಯಲ್ಲಿ ಆರ್ಸೆನಿಕ್ ಪ್ರಮಾಣ ಹೆಚ್ಚಿದೆ ಎಂದು ಎಚ್ಚರಿಸಿತು. ಪುರುಷತ್ವ ಹೆಚ್ಚಿಸುತ್ತದೆ, ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ಮಾತುಗಳಿಗೆ ಮನುಷ್ಯರ ಮೇಲೆ ನಡೆದ ಗಟ್ಟಿ ಪರೀಕ್ಷೆಗಳ ಬೆಂಬಲವಿಲ್ಲ.

ಕಿತ್ತಷ್ಟೂ ಮತ್ತೆ ಹುಟ್ಟುತ್ತದೆ ಎಂಬ ನಂಬಿಕೆಯೇ ಎಲ್ಲಕ್ಕಿಂತ ಅಪಾಯದ್ದು. ವ್ಯಾಪಾರಿಗಳಿಗೆ ಬೇಕಾದ್ದು ಎಳೆಯದು, ಬೀಜಕಣ ಚೆಲ್ಲುವ ಮುಂಚಿನದು. ಹಾಗಾಗಿ ಮುಂದಿನ ಪೀಳಿಗೆಯ ಬೀಜವೇ ಚೀಲ ಸೇರುತ್ತದೆ. 2020ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಇದನ್ನು ಅಪಾಯಕ್ಕೊಳಗಾಗಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿತು.

ನಮ್ಮೂರಿನ ಅಂಗಡಿಗಳಲ್ಲಿ ಈ ಅಣಬೆಯೆಂದು ಕಾರ್ಡಿಸೆಪ್ಸ್ ಪುಡಿ ಕೊಳ್ಳುವವರು ಡಬ್ಬಿಯ ಮೇಲೆ ಜಾತಿಯ ಹೆಸರು ನೋಡಿ. ಅಕ್ಕಿಯ ಮೇಲೆ ಬೆಳೆಸುವ ಕಾರ್ಡಿಸೆಪ್ಸ್ ಮಿಲಿಟಾರಿಸ್ ಬೇರೆಯೇ ಜಾತಿ. ಹಿಮಾಲಯದಿಂದ ಕಿತ್ತು ತಂದದ್ದು ಎಂದು ಹೇಳಿ ಮಾರಿದರೆ ದಯವಿಟ್ಟು ಕೊಳ್ಳಬೇಡಿ.