ಸರ್ಪಗಂಧದ ಗುಟ್ಟು

ಶಿಕಾರಿಪುರ, ಸೊರಬಗಳ ಹೆಣ್ಣುಮಕ್ಕಳಿಗೆ ಕಾನಿನ ಗಿಡಮೂಲಿಕೆಗಳು ಹೊಸವಲ್ಲ. ಮಲೆನಾಡಿನ ಸರ್ಪಗಂಧವೂ ಅವುಗಳಲ್ಲೊಂದು. ರಕ್ತದೊತ್ತಡವನ್ನು ತಗ್ಗಿಸುವ ರಿಸರ್ಪಿನ್ ಎಂಬ ವಸ್ತುವನ್ನು 1952ರಲ್ಲಿ ಇದರ ಬೇರಿನಿಂದ ಬೇರ್ಪಡಿಸಿದರು. ಆದರೆ ಬೇರನ್ನು ಅಗೆದರೆ ಗಿಡವೇ ಸಾಯುವುದು. ಹೀಗೆ ಅಗೆದಗೆದು ಅದು ಕಾಡಿನಲ್ಲಿ ವಿರಳವಾಗಿದೆ.

ಗಿಡವನ್ನು ಕೊಲ್ಲದೆ ಅದರ ಗುಟ್ಟನ್ನು ತಿಳಿಯಲಾಗದೇ? ಅದರ ಚಿಕ್ಕ ತುಣುಕೊಂದರಿಂದ ಪಡೆದ ಜೀವಕೋಶಗಳನ್ನು ಸಕ್ಕರೆ, ಲವಣಗಳುಳ್ಳ ದ್ರವದಲ್ಲಿ ಬೆಳೆಸಬಹುದು. ಆ ಕೋಶಗಳೊಳಗೆ ಒಂದು ವಸ್ತುವನ್ನು ಮತ್ತೊಂದಾಗಿ ಮಾರ್ಪಡಿಸುವ ಪ್ರೋಟೀನುಗಳೇ ಕಿಣ್ವಗಳು. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದಷ್ಟೆ. ಅದು ನಮ್ಮ ಉಗುಳಿನ ಕಿಣ್ವದ ಕೆಲಸ.

ಕೋಶಗಳನ್ನು ತಣ್ಪಿನಲ್ಲಿ ಅರೆದು ಸೋಸಿ, ಆ ರಸವನ್ನು ವಿಶೇಷವಾದ ಪುಡಿ ತುಂಬಿದ ಕೊಳವೆಗಳ ಮೂಲಕ ಹಾಯಿಸುವರು. ಪ್ರೋಟೀನುಗಳು ಗಾತ್ರಕ್ಕೂ ವಿದ್ಯುದಂಶಕ್ಕೂ ತಕ್ಕಂತೆ ಬೇರಾಗುವುವು. ಪ್ರತಿ ಹಂತದಲ್ಲಿಯೂ ಪರೀಕ್ಷಿಸಿ, ಕೆಲಸಮಾಡುವ ಭಾಗವನ್ನು ಮಾತ್ರ ಉಳಿಸಿಕೊಂಡರೆ ಕಡೆಗೆ ಒಂದೇ ಪ್ರೋಟೀನು ದೊರೆಯುವುದು. ಬಳಿಕ ಅದರ ತೂಕವೆಷ್ಟು, ಯಾವ ಶಾಖದಲ್ಲಿ, ಎಷ್ಟು ಹುಳಿಯಲ್ಲಿ ಅದು ಚೆನ್ನಾಗಿ ದುಡಿಯುವುದೆಂದು ಅಳೆಯುವರು.

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೈನ್‌ಹಾರ್ಟ್ ಝೆಂಕ್ ಎಂಬ ಪಂಡಿತರ ಪ್ರಯೋಗಶಾಲೆಯು ಸರ್ಪಗಂಧದ ಕೋಶಗಳಿಂದ ಸ್ಟ್ರಿಕ್ಟೋಸಿಡಿನ್ ಸಿಂಥೇಸ್ ಎಂಬ ಕಿಣ್ವವನ್ನು ಹೀಗೆ ಶುದ್ಧಗೊಳಿಸಿ 1988ರಲ್ಲಿ ಪ್ರಕಟಿಸಿತು. ಎರಡು ವಸ್ತುಗಳನ್ನು ಕೂಡಿಸಿ ಔಷಧದ ಹಾದಿಯನ್ನು ತೆರೆಯುವುದೇ ಇದರ ಕೆಲಸ. ಅದೇ ವರ್ಷ ಈ ಕಿಣ್ವದ ಜೀನನ್ನು ಬ್ಯಾಕ್ಟೀರಿಯದಲ್ಲಿರಿಸಿ, ಗಿಡದ ಹಂಗಿಲ್ಲದೆ ಅದನ್ನು ಪಡೆದರು.

ಪ್ರಿಯ ವಿದ್ಯಾರ್ಥಿನಿಯರೇ, ಪೋಷಕರೇ, ಕಾನಿನಲ್ಲಿ ಸರ್ಪಗಂಧವನ್ನು ಕಂಡರೆ ಬೇರನ್ನು ಕೀಳಬೇಡಿರಿ. ವೈದ್ಯರನ್ನು ಕೇಳದೆ ಸೇವಿಸಲೂ ಬೇಡಿರಿ. ನಮಗಿನ್ನೂ ತಿಳಿಯದ ಎಷ್ಟೋ ಗುಟ್ಟುಗಳು ಆ ಬೇರಿನಲ್ಲಿರುವುವು.